ಎಂಟ್ರೊಪಿ ವಸ್ತುವಿನದೋ, ನಮ್ಮದೋ?

ಭೌತವಿಜ್ಞಾನಿ ಇ. ಟಿ. ಜೇನ್ಸ್ 1957ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಬರೆದ ಎರಡು ಪ್ರಬಂಧಗಳನ್ನು ಓದಿದ ಮೇಲೆ ಉಷ್ಣಗತಿವಿಜ್ಞಾನ ಮೊದಲಿನಂತೆ ಕಾಣುವುದಿಲ್ಲ. ಅವರ ಪಾಲಿಗೆ ಎಂಟ್ರೊಪಿ ಎಂದರೆ ಅನಿಲದ ಕುರಿತು ನಮಗೆ ಗೊತ್ತಿಲ್ಲದ್ದರ ಅಳತೆ. ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶ ರವಾನೆಗಾಗಿ ರೂಪಿಸಿದ ಸೂತ್ರವನ್ನು ಕೈಗೆತ್ತಿಕೊಂಡು, ತಿಳಿದದ್ದನ್ನು ಬಿಟ್ಟು ಬೇರೇನನ್ನೂ ಊಹಿಸದೆ ಸಂಭವನೀಯತೆಗಳನ್ನು ಹಂಚಿದರೆ ಸಾಕು, ಸಂಖ್ಯಾಶಾಸ್ತ್ರೀಯ ಭೌತವಿಜ್ಞಾನಕ್ಕೆ ಗಿಬ್ಸ್ ಕೊಟ್ಟ ಸಮೀಕರಣಗಳು ತಾವಾಗಿ ಬರುತ್ತವೆ ಎಂದು ತೋರಿಸಿದರು. ಈ ಸರಾಗತೆಗೆ ನಾನು ಮನಸೋತಿದ್ದೇನೆ. ಅದರ ಹಿಂದಿನ ತತ್ತ್ವವನ್ನು ಮಾತ್ರ ಪೂರ್ತಿ ಒಪ್ಪಲಾರೆ.

ನಮ್ಮ ಅಜ್ಞಾನ ಮಂಜುಗಡ್ಡೆಯನ್ನು ಕರಗಿಸುವುದು ಹೇಗೆ ಎಂಬ ಧಾಟಿಯ ಆಕ್ಷೇಪವನ್ನು ತತ್ತ್ವಜ್ಞ ಡೇವಿಡ್ ಆಲ್ಬರ್ಟ್ ಎತ್ತಿದ್ದಾರೆ. ಪ್ರಶ್ನೆ ಚುರುಕಾಗಿದೆ, ಜೇನ್ಸ್‌ಗೆ ತಟ್ಟುವುದಿಲ್ಲ. ಅವರು ವಿವರಿಸಲು ಹೊರಟದ್ದು ಕರಗುವುದನ್ನು ನಾವು ನಿರೀಕ್ಷಿಸುವುದೇಕೆ ಎಂಬುದನ್ನಷ್ಟೇ. ಅವರ ನಿಜವಾದ ಕಸುವು ಗಿಬ್ಸ್ ವಿರೋಧಾಭಾಸದ ಚರ್ಚೆಯಲ್ಲಿದೆ. ಒಂದೇ ಉಷ್ಣತೆ, ಒಂದೇ ಒತ್ತಡದ ಎರಡು ಬೇರೆ ಅನಿಲಗಳನ್ನು ತಲಾ ಒಂದು ಮೋಲ್ ಬೆರೆಸಿದರೆ ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 11.5 ಜೂಲ್ ಏರುತ್ತದೆ. ಎರಡೂ ಒಂದೇ ಅನಿಲವಾದರೆ ಏರಿಕೆ ಸೊನ್ನೆ. ಬೇರೆ ಎಂದು ತೀರ್ಮಾನಿಸುವವರು ಯಾರು? ಇದಕ್ಕಾಗಿ ಜೇನ್ಸ್ ಎರಡು ಬಗೆಯ ಆರ್ಗಾನ್ ಇದೆಯೆಂದು ಕಲ್ಪಿಸಿಕೊಂಡರು. ಕಲ್ಪನೆ ಬೇಕಿರಲಿಲ್ಲ, ಹೈಡ್ರೋಜನ್ ಇತ್ತು.

ಹೈಡ್ರೋಜನ್ ಅಣುವಿನ ಎರಡು ಪ್ರೋಟಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಆರ್ಥೊ, ಎದುರುಬದುರಾಗಿದ್ದರೆ ಪ್ಯಾರಾ. ಕೋಣೆಯ ಉಷ್ಣತೆಯಲ್ಲಿ ಇವುಗಳ ಪ್ರಮಾಣ 3:1. ಬಾನ್‌ಹೋಫರ್ ಮತ್ತು ಹಾರ್ಟೆಕ್ 1929ರಲ್ಲಿ ಪ್ಯಾರಾ ಹೈಡ್ರೋಜನ್ನನ್ನು ತಯಾರಿಸಿ ತೋರಿಸಿದರು. ಅಲ್ಲಿಂದಾಚೆಗೆ ಇವೆರಡನ್ನೂ ಬೆರೆಸಿದರೆ ಎಂಟ್ರೊಪಿ ಏರಿತೆಂದು ಬರೆಯಬೇಕು. ಈ ಭೇದ ತಿಳಿಯುವ ಮುಂಚೆ ಅದು ಒಂದೇ ಅನಿಲವೆಂದು ಲೆಕ್ಕ. ಇಷ್ಟರಮಟ್ಟಿಗೆ ಜೇನ್ಸ್ ಸರಿ. ಆದರೆ ಅದೇ ಹೈಡ್ರೋಜನ್ನನ್ನು ಬೇಗನೆ ದ್ರವವಾಗಿಸಿ ಟ್ಯಾಂಕಿಗೆ ತುಂಬಿದಾಗ ಏನಾಗುತ್ತದೆ ನೋಡಿ. ಆರ್ಥೊ ನಿಧಾನವಾಗಿ ಪ್ಯಾರಾ ಆಗುತ್ತ ಹೋದಂತೆ ಬಿಡುವ ಶಾಖ, ದ್ರವ ಆವಿಯಾಗಲು ಬೇಕಾದ ಗುಪ್ತೋಷ್ಣಕ್ಕಿಂತ ಹೆಚ್ಚು. ತುಂಬಿದವರಿಗೆ ಸ್ಪಿನ್ ಗೊತ್ತಿರಲಿ, ಬಿಡಲಿ, ದಿನ ಕಳೆದಂತೆ ದ್ರವದ ಬಹುಪಾಲು ಆವಿಯಾಗಿ ಹೋಗುತ್ತದೆ. ಹಾಗಾಗಿಯೇ ಈಗ ದ್ರವೀಕರಿಸುವಾಗಲೇ ವೇಗವರ್ಧಕ ಬಳಸಿ ಪರಿವರ್ತನೆ ಮುಗಿಸುತ್ತಾರೆ.

ಎಂಟ್ರೊಪಿ ನಿಂತಿರುವುದು ತಲೆಯೊಳಗಿನ ತಿಳಿವಿನ ಮೇಲಲ್ಲ. ಯಾವ ಚರಗಳನ್ನು ನಮ್ಮ ಉಪಕರಣಗಳು ಹಿಡಿದಿಡಬಲ್ಲವು, ಸಡಿಲಿಸಬಲ್ಲವು ಎಂಬುದರ ಮೇಲೆ. ಚರಗಳ ಆಯ್ಕೆ ನಮ್ಮದು. ಆಯ್ದ ಮೇಲೆ ಕ್ಯಾಲರಿಮೀಟರ್ ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ. 1965ರ ಲೇಖನದಲ್ಲಿ, ಎಂಟ್ರೊಪಿ ನಾವು ಆಯ್ದುಕೊಂಡ ಪ್ರಯೋಗಗಳ ಗುಣ ಎನ್ನುವಾಗ ಜೇನ್ಸ್ ಇದರ ಹತ್ತಿರಕ್ಕೇ ಬಂದಿದ್ದರು. ಅದೇ ಜಾಡನ್ನು ಹಿಡಿಯಬೇಕಿತ್ತು. ಲೆಕ್ಕ ತಪ್ಪಿದರೆ ಯಾವುದೋ ಚರ ಕೈಬಿಟ್ಟಿದೆ ಎಂದರ್ಥ ಎಂಬ ಅವರ ಒಳನೋಟವೂ ಜ್ಞಾತೃವಿನಾಚೆಗೆ ಬೊಟ್ಟು ಮಾಡುತ್ತದೆ. ಉದಾಹರಣೆಗೆ, ಆಯ್ಕನ್ 1912ರಲ್ಲಿ ಅಳೆದ ಹೈಡ್ರೋಜನ್‌ನ ಉಷ್ಣಧಾರಣ ಸಾಮರ್ಥ್ಯಕ್ಕೆ ಸಿದ್ಧಾಂತ ತಾಳೆಯಾದದ್ದು, 1927ರಲ್ಲಿ ಡೆನಿಸನ್ ಎರಡು ಬಗೆಗಳನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ಹಿಡಿದ ಮೇಲೆಯೇ.