ವೈನಿನ ವರ್ಣನೆ ಮತ್ತು ‘ಸೊಗಡು’ ಎಂಬ ವಿಮರ್ಶೆಯ ಮಾತು

ಮಹಾಕಾವ್ಯದ ಲಕ್ಷಣಗಳನ್ನು ನಿರೂಪಿಸುವಾಗ ದಂಡಿಯು ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಜೊತೆಗೆ ಮಧುಪಾನವನ್ನೂ ವರ್ಣನೀಯ ವಿಷಯಗಳ ಸಾಲಿನಲ್ಲಿ ಸೇರಿಸಿದ್ದಾನೆ. ಕನ್ನಡದ ಚಂಪೂಕವಿಗಳು ಅಷ್ಟಾದಶವರ್ಣನೆಗಳ ಹೆಸರಿನಲ್ಲಿ ಈ ವಿಧಿಯನ್ನು ಪಾಲಿಸಿಕೊಂಡು ಬಂದರು. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಪಾನಗೋಷ್ಠಿಯ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ನಮ್ಮ ಮನಸ್ಸಿನಲ್ಲಿ ಉಳಿಯುವುದು ಕುಡಿದವರ ತೊದಲು, ಬೆಡಗು, ತೂರಾಡುವ ನಡೆ. ಕವಿಯ ಕಣ್ಣು ಪಾತ್ರೆಯೊಳಗಿನ ದ್ರವದ ಮೇಲೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಅದು ಯಾರ ಒಡಲನ್ನು ಹೊಕ್ಕಿತೋ ಅವರ ಮೇಲೆ ನಿಲ್ಲುತ್ತದೆ. ಕುಡಿಯುವವರನ್ನು ಬದಿಗಿರಿಸಿ, ಕುಡಿಯುವ ವಸ್ತುವನ್ನೇ ಅದರ ಬಣ್ಣ, ಕಂಪು, ರುಚಿ, ಹುಟ್ಟಿದ ನೆಲಗಳ ಮೂಲಕ ವರ್ಣಿಸುವ ಗದ್ಯವೊಂದು ಕಳೆದ ಶತಮಾನದ ಪಶ್ಚಿಮದಲ್ಲಿ ಬೆಳೆದು ನಿಂತಿದೆ. ಆ ಗದ್ಯವನ್ನು ಒಂದು ಬರವಣಿಗೆಯ ಪ್ರಕಾರವೆಂದು ಒಪ್ಪಿಕೊಂಡು ಅದನ್ನು ವಿಮರ್ಶೆಯ ಓದಿಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಾಹಿತ್ಯದ ಸಂಶೋಧಕರಿಗೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜವೇ. ನಾಡಿನಿಂದ ದೂರವಿದ್ದು ಕನ್ನಡವನ್ನು ಓದುವ ನಾವು ಅತಿ ಹೆಚ್ಚಾಗಿ ಬಳಸುವ ಒಂದು ವಿಮರ್ಶೆಯ ಪದ, ಅಂದರೆ ‘ಸೊಗಡು’, ಈ ಗದ್ಯದ ಕೇಂದ್ರ ಪರಿಕಲ್ಪನೆಗೆ ತೀರ ಹತ್ತಿರದ್ದು ಎಂಬುದೇ ನಮ್ಮ ಉತ್ತರ.

ಈ ಪ್ರಕಾರ ಬಹಳ ಹಳೆಯದೇನೂ ಅಲ್ಲ. 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕಾಗಿ ಬೋರ್ಡೋ ಪ್ರದೇಶದ ವೈನುಗಳನ್ನು ದರ್ಜೆಗಳಾಗಿ ವಿಂಗಡಿಸಿದಾಗ ಅದಕ್ಕೆ ಆಧಾರವಾದದ್ದು ಮಾರುಕಟ್ಟೆಯ ಬೆಲೆ. ಆ ಸುಪ್ರಸಿದ್ಧ ಪಟ್ಟಿಯಲ್ಲಿ ರುಚಿಯನ್ನು ಕುರಿತ ಒಂದು ವಿಶೇಷಣವೂ ಇಲ್ಲ. ವರ್ಣನೆಯನ್ನು ಕಲಿಯಬಹುದಾದ ವಿದ್ಯೆಯಾಗಿ ರೂಪಿಸಿದ ಪುಸ್ತಕಗಳು ಬಹಳ ತಡವಾಗಿ ಬಂದವು. ಇಂಗ್ಲೆಂಡಿನ ಮೈಕೇಲ್ ಬ್ರಾಡ್‌ಬೆಂಟ್ 1968ರಲ್ಲಿ, ಬೋರ್ಡೋದ ಎಮಿಲ್ ಪೇನೋ 1980ರಲ್ಲಿ ಬರೆದ ಕೃತಿಗಳು ಇವುಗಳಲ್ಲಿ ಮುಖ್ಯವಾದವು. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಮತ್ತು ಸಂಗಡಿಗರು ಕಂಪಿನ ಪದಗಳನ್ನು ಒಂದು ಚಕ್ರದ ರೂಪದಲ್ಲಿ ಜೋಡಿಸಿದರು. ‘ಗಂಭೀರ’, ‘ಲಲಿತ’, ‘ಕುಲೀನ’ ಮುಂತಾದ ಮೆಚ್ಚಿಕೆಯ ಮಾತುಗಳನ್ನು ಅವರು ಚಕ್ರದಿಂದ ಹೊರಗಿಟ್ಟರು. ಕಾಳುಮೆಣಸು, ಲವಂಗ, ಗುಲಾಬಿ ಎಂದು ಬೆರಳಿಟ್ಟು ತೋರಿಸಬಹುದಾದ ವಸ್ತುಗಳ ಹೆಸರನ್ನಷ್ಟೇ ಉಳಿಸಿಕೊಂಡರು. ಅಷ್ಟೇ ಅಲ್ಲದೆ, ಆಯಾ ವಸ್ತುವನ್ನು ಸಾಧಾರಣ ವೈನಿನಲ್ಲಿ ನೆನೆಹಾಕಿ, ಮೂಸಿ, ಪದಕ್ಕೂ ಕಂಪಿಗೂ ಗಂಟು ಹಾಕಿಕೊಳ್ಳುವ ವಿಧಾನವನ್ನೂ ಸೂಚಿಸಿದರು. ನಮ್ಮ ಪುಸ್ತಕವಿಮರ್ಶೆಗಳಿಂದ ‘ಮನಮುಟ್ಟುವ’, ‘ಸತ್ವಶಾಲಿ’ ಎಂಬ ಪದಗಳನ್ನು ಒಂದು ವರ್ಷದ ಮಟ್ಟಿಗೆ ಹೊರಗಿಟ್ಟರೆ ಉಳಿಯುವುದೆಷ್ಟು ಎಂದು ಊಹಿಸಿದರೆ ಈ ಕ್ರಮದ ಕಟುತ್ವ ಅರಿವಾದೀತು.

ಪದಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬುದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಭಾಷಾವಿಜ್ಞಾನಿ ಏಡ್ರಿಯನ್ ಲೆಹ್ರರ್. ಅವರ ‘ವೈನ್ ಅಂಡ್ ಕಾನ್ವರ್ಸೇಷನ್’ 1983ರಲ್ಲಿ ಪ್ರಕಟವಾಯಿತು. ಅವರ ಪ್ರಯೋಗ ಸರಳ: ಒಬ್ಬರು ತಮ್ಮ ಮುಂದಿನ ವೈನನ್ನು ವರ್ಣಿಸಬೇಕು, ಅದನ್ನು ಕೇಳಿದ ಇನ್ನೊಬ್ಬರು ಹಲವು ಲೋಟಗಳಲ್ಲಿ ಅದು ಯಾವುದೆಂದು ಗುರುತಿಸಬೇಕು. ಸಾಮಾನ್ಯ ಪಾನಪ್ರಿಯರು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಸೋತರು. ವಿಶೇಷವೆಂದರೆ, ತಾವು ಪರಸ್ಪರ ಅರ್ಥಮಾಡಿಕೊಂಡಿದ್ದೇವೆ ಎಂಬ ತೃಪ್ತಿಗೆ ಇದರಿಂದ ಭಂಗ ಬರಲಿಲ್ಲ. 2001ರಲ್ಲಿ ಪ್ರಕಟವಾದ ಬೋರ್ಡೋದ ಅಧ್ಯಯನ ಇನ್ನೂ ನಿಷ್ಠುರವಾದದ್ದು. ಅದರಲ್ಲಿ 54 ಮಂದಿ ವೈನ್‌ಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲು ಒಂದು ಬಿಳಿ, ಒಂದು ಕೆಂಪು ವೈನ್ ಕೊಡಲಾಯಿತು. ಮುಂದಿನ ಸರದಿಯಲ್ಲಿ ಅದೇ ಬಿಳಿ ವೈನನ್ನು, ಜೊತೆಗೆ ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪಾಗಿಸಿದ ಅದೇ ಬಿಳಿಯನ್ನು ಮುಂದಿಡಲಾಯಿತು. ಕೆಂಪಾದ ಬಿಳಿಗೆ ಅವರು ಒಟ್ಟಾರೆ ಕೆಂಪು ವೈನಿನ ಪದಗಳನ್ನೇ ಬಳಸಿದರು. ಮೂಗು ಹೇಳಬೇಕಾದ ಸಾಕ್ಷಿಯನ್ನು ಕಣ್ಣು ಹೇಳಿತ್ತು.

ಈ ಫಲಿತಾಂಶಗಳನ್ನು ಹಿಡಿದುಕೊಂಡು ವೈನಿನ ವರ್ಣನೆಯೆಲ್ಲ ಬರಿಯ ಡಾಂಬಿಕತೆಯೆಂದು ತೀರ್ಮಾನಿಸುವವರಿದ್ದಾರೆ. ಆ ತೀರ್ಮಾನ ಅವಸರದ್ದೆಂದು ನಮ್ಮ ಅಭಿಪ್ರಾಯ. ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ಕಂಪಿದೆಯೆಂದು ಬಹುಕಾಲದಿಂದ ಬರೆಯುತ್ತ ಬಂದಿದ್ದರು. ಇದು ಕೇವಲ ಉಪಮೆಯೆಂದೇ ಯಾರಾದರೂ ಭಾವಿಸಬಹುದಾಗಿತ್ತು. ಆದರೆ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಅಲ್ಲಿ ಶಿರಾಜ್ ಎಂದು ಕರೆಯಲ್ಪಡುವ ಇದೇ ದ್ರಾಕ್ಷಿಯ ಈ ಕಂಪಿಗೆ ಕಾರಣವಾದ ರೋಟಂಡೋನ್ ಎಂಬ ಸಂಯುಕ್ತವನ್ನು ಗುರುತಿಸಿದರು. ಅದು ಕಾಳುಮೆಣಸಿನಲ್ಲಿಯೂ ಇದೆ. ಅಂದರೆ ಇಲ್ಲಿ ಉಪಮಾನ ಉಪಮೇಯಗಳ ಸಾಮಾನ್ಯಧರ್ಮ ಕವಿಕಲ್ಪಿತವಲ್ಲ. ಎರಡರಲ್ಲಿಯೂ ಇರುವ ಒಂದೇ ದ್ರವ್ಯ. ಅದೇ ಶೋಧನೆಯ ಇನ್ನೊಂದು ಅಂಶವೂ ಮುಖ್ಯ: ಪರೀಕ್ಷೆಗೆ ಒಳಪಟ್ಟವರಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಜನರಿಗೆ ಈ ದ್ರವ್ಯದ ಕಂಪು ಹೆಚ್ಚಿನ ಪ್ರಮಾಣದಲ್ಲಿಯೂ ತಿಳಿಯಲಿಲ್ಲ. ಸಹೃದಯನ ಕುರಿತ ನಮ್ಮ ಮೀಮಾಂಸೆಯಲ್ಲಿ ಪ್ರತಿಭೆ, ಅಭ್ಯಾಸಗಳ ಮಾತು ಸಾಕಷ್ಟಿದೆ. ಮೂಗಿನ ರಚನೆಯಲ್ಲೇ ಇರುವ ಇಂತಹ ಕೊರತೆಗೆ ಅಲ್ಲಿ ಸ್ಥಾನವಿಲ್ಲ.

ಇನ್ನು ಭಾಷಾಂತರದ ಪ್ರಶ್ನೆ. ನ್ಯೂಜಿಲೆಂಡಿನ ಮಾರ್ಲ್‌ಬರೊ ಪ್ರದೇಶದ ಸೋವಿನ್ಯೋನ್ ಬ್ಲಾಂ ವೈನಿಗೆ ಇಂಗ್ಲಿಷಿನಲ್ಲಿ ‘ಗೂಸ್‌ಬೆರಿ’ ಎಂಬ ಪದ ಅಂಟಿಕೊಂಡುಬಿಟ್ಟಿದೆ. ಕನ್ನಡಕ್ಕೆ ತರುವವರು ಕೂಡಲೇ ‘ನೆಲ್ಲಿಕಾಯಿ’ ಎನ್ನುತ್ತಾರೆ. ಯುರೋಪಿನ ಗೂಸ್‌ಬೆರಿ ಬೇರೆಯೇ ಕುಲದ ಹಣ್ಣು. ಹುಳಿ ಅದರ ಪ್ರಧಾನ ಗುಣ. ನಮ್ಮ ಬೆಟ್ಟದ ನೆಲ್ಲಿಯಲ್ಲಿ ಹುಳಿಗಿಂತ ಮುಂದೆ ನಿಲ್ಲುವುದು ಒಗರು, ತಿಂದ ಮೇಲೆ ನೀರು ಕುಡಿದರೆ ಹೊಮ್ಮುವ ಸಿಹಿ. ಆ ಬಿಳಿ ವೈನಿನಲ್ಲಿ ಒಗರು ಹುಡುಕಿದರೂ ಸಿಗುವುದಿಲ್ಲ. ಹೀಗೆ ಒಂದು ಪದದ ಅನುವಾದದಿಂದ ವಸ್ತುವೇ ಬದಲಾಗುತ್ತದೆ. ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಬೆಳೆದ ರೀಸ್ಲಿಂಗ್ ಹಳತಾದಾಗ ಬರುವ ‘ಪೆಟ್ರೋಲ್’ ಕಂಪಿಗಾದರೋ ನಮ್ಮಲ್ಲಿ ಸುಲಭದ ಮಾತಿದೆ. ಸೀಮೆಎಣ್ಣೆಯ ಬುಡ್ಡಿಯನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅದು ಮೆಚ್ಚಬೇಕಾದ ಗುಣವೆಂದು ಒಪ್ಪಿಸುವುದಷ್ಟೇ ಕಷ್ಟ.

ಕನ್ನಡ ನಿಜವಾಗಿ ಸಿರಿವಂತವಾಗಿರುವುದು ಕೆಂಪು ವೈನಿನ ಟ್ಯಾನಿನ್ ಗುಣವನ್ನು ಹೇಳುವಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಅಡುಗೆಮನೆಯ ಪದವಿಲ್ಲ. ಶಾಸ್ತ್ರದ ಪದವನ್ನು ತಂದುಕೊಂಡು, ಅದು ಸಾಲದೆ ‘ರೇಷ್ಮೆಯಂಥದು’, ‘ಮಖಮಲ್ಲಿನಂಥದು’, ‘ಸೀಮೆಸುಣ್ಣದಂಥದು’ ಎಂದು ಬಟ್ಟೆಬರೆ ಕಲ್ಲುಮಣ್ಣುಗಳ ಮೊರೆಹೋಗಬೇಕಾಗಿದೆ. ನಮ್ಮಲ್ಲಿ ‘ಒಗರು’ ಮಕ್ಕಳೂ ಬಲ್ಲ ಮಾತು. ತೆಲುಗಿನ ‘ವಗರು’, ತಮಿಳಿನ ‘ತುವರ್ಪು’, ಮರಾಠಿಯ ‘ತುರಟ’, ಹಿಂದಿಯ ‘ಕಸೈಲಾ’ ಇವೂ ದಿನಬಳಕೆಯವೇ ಎಂಬುದನ್ನು ಆಯಾ ಭಾಷೆಗಳ ನಡುವೆ ಬದುಕುವ ನಮ್ಮ ಓದುಗರು ಬಲ್ಲರು. ಆಯುರ್ವೇದ ಕಷಾಯವನ್ನು ಆರು ರಸಗಳಲ್ಲಿ ಒಂದಾಗಿ ಎಣಿಸಿದೆ. ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದ ಅನುಭವವಾಗುತ್ತದೆ. ಆದ್ದರಿಂದ ಆಧುನಿಕ ವಿಜ್ಞಾನ ಇದನ್ನು ರುಚಿಗಿಂತ ಸ್ಪರ್ಶವೆಂದೇ ಹೆಚ್ಚಾಗಿ ಪರಿಗಣಿಸುತ್ತದೆ. ಶಾಸ್ತ್ರದ ಈ ಜಗಳ ಹೇಗಾದರೂ ಇರಲಿ, ಕನ್ನಡಿಗನಿಗೆ ಒಗರಿನಲ್ಲಿಯೂ ಭೇದಗಳು ಗೊತ್ತು. ಎಳೆ ಬಾಳೆಕಾಯಿಯ ಒಗರು ನಾಲಗೆಗೆ ಅಂಟುತ್ತದೆ. ಹಸಿ ಅಡಿಕೆಯದು ಕೆನ್ನೆಯ ಒಳಭಾಗವನ್ನು ಹಿಡಿಯುತ್ತದೆ. ಅಳಲೆಕಾಯಿಯದು ಗಂಟಲವರೆಗೂ ಹೋಗುತ್ತದೆ. ನೇರಳೆಯದು ಸಿಹಿಯ ಹಿಂದೆಯೇ ಬಂದು ಬೇಗ ಸರಿಯುತ್ತದೆ. ಇಟಲಿಯ ಬರೋಲೊದ ನೆಬ್ಬಿಯೋಲೊ ವೈನನ್ನು ಅದರ ಎಳವೆಯಲ್ಲಿ ಅಡಿಕೆಯ ಪಕ್ಷಕ್ಕೂ, ಬರ್ಗಂಡಿಯ ಪಿನೋ ನ್ವಾರ್ ವೈನನ್ನು ನೇರಳೆಯ ಪಕ್ಷಕ್ಕೂ ಸೇರಿಸಿ ಹೇಳಿದರೆ ಮಲೆನಾಡಿನ ಓದುಗನಿಗೆ ಎರಡರ ಅಂತರ ಕುಡಿಯದೆಯೂ ತಿಳಿಯುತ್ತದೆ. ಇಂಗ್ಲಿಷ್ ಪಟ್ಟಿಗಳನ್ನು ಭಾಷಾಂತರಿಸುವ ಬದಲು ಇಂತಹ ಪದಪ್ರಪಂಚವನ್ನು ಆಧರಿಸಿ ವರ್ಣನೆ ಬೆಳೆಯಬೇಕೆಂಬುದು ನಮ್ಮ ವಾದ.

ಈಗ ಸೊಗಡಿನ ವಿಚಾರಕ್ಕೆ ಬರೋಣ. ಫ್ರೆಂಚರ ‘ತೆರ್ವಾ’ ಎಂಬ ಪರಿಕಲ್ಪನೆ ಮಣ್ಣು, ಇಳಿಜಾರು, ಹವಾಮಾನ, ಕೃಷಿಪದ್ಧತಿಗಳೆಲ್ಲ ಸೇರಿ ವೈನಿಗೆ ಕೊಡುವ ಸ್ಥಳವಿಶೇಷದ ಗುಣವನ್ನು ಸೂಚಿಸುತ್ತದೆ. ಬರ್ಗಂಡಿಯ ಉತ್ತರದ ಅಂಚಿನಲ್ಲಿರುವ ಶಾಬ್ಲಿಯ ನೆಲ ಕಿಮ್ಮೆರಿಜಿಯನ್ ಸುಣ್ಣಕಲ್ಲಿನದು. ಅದರಲ್ಲಿ ಸಣ್ಣ ಸಿಂಪಿಗಳ ಪಳೆಯುಳಿಕೆಗಳು ಹೇರಳವಾಗಿವೆ. ಅಲ್ಲಿನ ವೈನಿನಲ್ಲಿ ಸಿಂಪಿಚಿಪ್ಪಿನ, ಚಕಮಕಿ ಕಲ್ಲಿನ ರುಚಿಯಿದೆಯೆಂದು ವರ್ಣಿಸುವ ರೂಢಿಯಿದೆ. ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ತಮ್ಮ ಲೇಖನಗಳಲ್ಲಿಯೂ 2018ರ ಗ್ರಂಥದಲ್ಲಿಯೂ ಈ ಬಗೆಯ ಮಾತನ್ನು ಪ್ರಶ್ನಿಸಿದ್ದಾರೆ: ಬಂಡೆಗೆ ತನ್ನದೆನ್ನುವ ರುಚಿಯಿಲ್ಲ, ಬಳ್ಳಿ ಹೀರುವ ಖನಿಜಾಂಶ ಅತ್ಯಲ್ಪ, ಬಂಡೆಯ ರುಚಿ ಬೇರಿನ ಮೂಲಕ ಲೋಟಕ್ಕೆ ಏರಿ ಬರುವುದಿಲ್ಲ. ಸಿಂಪಿಯ ಪಳೆಯುಳಿಕೆಯ ಕಥೆ ತಿಳಿದವರಿಗೇ ಸಿಂಪಿಯ ರುಚಿ ಸಿಗುತ್ತದೆಯೋ ಎಂಬ ಸಂಶಯವನ್ನು ಬೋರ್ಡೋದ ಬಣ್ಣದ ಪ್ರಯೋಗ ಬಲಪಡಿಸುತ್ತದೆ.

ಇದಕ್ಕಿಂತಲೂ ಮಾರ್ಮಿಕವಾದ ಸಂಗತಿ ಮಣ್ಣಿನ ವಾಸನೆಯದೇ. ಮೊದಲ ಮಳೆಗೆ ಏಳುವ ಮಣ್ಣಿನ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ದ್ರವ್ಯ. ವೈನಿನಲ್ಲಿಯೂ ಅದು ಕಾಣಿಸಿಕೊಳ್ಳುವುದುಂಟು. ಆದರೆ ಅದನ್ನು ತರುವುದು ಕೊಳೆತ ದ್ರಾಕ್ಷಿಯ ಮೇಲೆ ಬೆಳೆದ ಬೂಷ್ಟು. ತಜ್ಞರು ಅದನ್ನು ದೋಷವೆಂದೇ ಗಣಿಸುತ್ತಾರೆ. ಅಕ್ಷರಶಃ ಮಣ್ಣಿನ ಸೊಗಡುಳ್ಳ ವೈನ್ ಕೆಟ್ಟ ವೈನ್! ಹಾಗಾದರೆ ಸ್ಥಳದ ಪ್ರಭಾವವೇ ಇಲ್ಲವೆ? ಖಂಡಿತ ಇದೆ. ಮೋಸೆಲ್ಲಿನ ಕಡಿದಾದ ಇಳಿಜಾರು ಉತ್ತರದ ಆ ಅಕ್ಷಾಂಶದಲ್ಲಿ ಸಿಗುವ ಅಲ್ಪ ಬಿಸಿಲನ್ನು ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲಿನ ಪದರಗಲ್ಲು ಹಗಲಿನ ಕಾವನ್ನು ಇರುಳಿಗೆ ಉಳಿಸಿಕೊಡುತ್ತದೆ. ಹಣ್ಣು ಹುಳಿಯನ್ನು ಕಳೆದುಕೊಳ್ಳದೆ ನಿಧಾನವಾಗಿ ಮಾಗುತ್ತದೆ. ತಂಪು ಸೀಮೆಯ ಶಿರಾಜ್‌ನಲ್ಲಿ ರೋಟಂಡೋನ್ ಹೆಚ್ಚು. ಸ್ಥಳ ಇಲ್ಲಿ ವಾಸನೆಯಾಗಿ ಲೇಪಗೊಳ್ಳುವುದಿಲ್ಲ. ನೀರು ಬಸಿಯುವ, ಕಾವು ನಿಲ್ಲುವ, ಮಾಗುವ ಕ್ರಮದ ಮೂಲಕ ಒಳಗಿನಿಂದ ಕೆಲಸ ಮಾಡುತ್ತದೆ.

ಕನ್ನಡ ವಿಮರ್ಶೆಯಲ್ಲಿ ‘ಮಣ್ಣಿನ ಸೊಗಡು’, ‘ಪ್ರಾದೇಶಿಕ ಸೊಗಡು’ ಎಂಬ ಮಾತುಗಳು ಯಾವ ರುಜುವಾತೂ ಇಲ್ಲದೆ ಚಲಾವಣೆಯಲ್ಲಿವೆ. ಹತ್ತಿಪ್ಪತ್ತು ಉಪಭಾಷೆಯ ಪದಗಳು, ಒಂದು ಜಾತ್ರೆ, ಒಂದು ಅಡುಗೆ ಕಂಡರೆ ಸೊಗಡು ಸಿದ್ಧಿಸಿತೆಂದು ಬರೆಯುತ್ತೇವೆ. ನಾಡಿನ ಹೊರಗಿರುವ ನಮ್ಮಲ್ಲಿ ಈ ಚಾಳಿ ತುಸು ಹೆಚ್ಚೇ ಎನ್ನಬೇಕು. ಊರಿನ ಕಥೆ ಮೊದಲೇ ಗೊತ್ತಿರುವುದರಿಂದ ಸಿಂಪಿಯ ರುಚಿ ನಮಗೆ ಬೇಗ ಸಿಗುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984)ಯಲ್ಲಿ ನಂಜನಗೂಡಿನ ಸೀಮೆಯ ಆಡುನುಡಿ ವಾಕ್ಯದ ನಡೆಯನ್ನೇ, ಕಥನದ ಕ್ರಮವನ್ನೇ ನಿರ್ಧರಿಸಿದೆ; ಆಡುಪದಗಳನ್ನು ಶಿಷ್ಟಪದಗಳಿಂದ ತುಂಬಿದರೂ ಆ ನಡೆ ಪೂರ್ತಿ ಅಳಿಯಲಾರದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯಲ್ಲಿ ನಡೆಯುವ ಕಾದಂಬರಿ; ಆದರೂ ನಾಯಕನ ಭಯ, ಸಂಶಯಗಳು ಮಾಗಿದ ಕಾವು ಉತ್ತರ ಕನ್ನಡದ ಬಾಲ್ಯದ್ದು. ಆಡುಪದಗಳನ್ನು ಎಣಿಸುವ ಅಳತೆಗೋಲಿಗೆ ಎರಡನೆಯದು ಸಿಕ್ಕುವುದೇ ಇಲ್ಲ. ಸೊಗಡು ಎಂಬ ಪದವನ್ನು ಕೈಬಿಡಬೇಕಾಗಿಲ್ಲ. ಬಳಸಿದವರು ಅದು ಪಠ್ಯದಲ್ಲಿ ಯಾವ ದಾರಿಯಿಂದ ಬಂತೆಂದು ತೋರಿಸಬೇಕು.

ಕೊನೆಯದಾಗಿ ನಮ್ಮ ನಾಡಿನದೇ ಒಂದು ಸಂದರ್ಭ. 1980ರ ದಶಕದಿಂದೀಚೆಗೆ ಪುಣೆಯ ಬಳಿಯ ನಾರಾಯಣಗಾವ್, ನಂದಿಬೆಟ್ಟದ ಸೀಮೆ, ಅನಂತರ ನಾಸಿಕ ಇಲ್ಲೆಲ್ಲ ಯುರೋಪಿನ ತಳಿಗಳ ವೈನ್ ತಯಾರಾಗುತ್ತಿದೆ. ಇಲ್ಲಿನ ಬಳ್ಳಿ ಚಳಿಗಾಲದ ನಿದ್ದೆ ಕಾಣದು. ವರ್ಷಕ್ಕೆ ಎರಡು ಬಾರಿ ಸವರಿ ಒಂದು ಬೆಳೆ ತೆಗೆಯುತ್ತಾರೆ, ಬೇಸಗೆ ಬಲಿಯುವ ಮುನ್ನವೇ ಕೊಯ್ಲು. ಇಷ್ಟು ಬೇರೆಯಾದ ಮಾಗುವಿಕೆಯ ಫಲವನ್ನು ವರ್ಣಿಸುವವರು ‘ರೋನಿನಂತೆ’, ‘ಮಾರ್ಲ್‌ಬರೊದಂತೆ’ ಎಂಬಲ್ಲಿಗೇ ನಿಲ್ಲುತ್ತಾರೆ. ಅದಕ್ಕೂ ಮೊದಲಿನಿಂದ ಬೆಂಗಳೂರಿನ ಸುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಸ್ಥಿತಿ ಇನ್ನೂ ವಿಚಿತ್ರ. ಅದು ಅಮೆರಿಕದ ಲಬ್ರಸ್ಕ ಮೂಲದ ಇಸಬೆಲ್ಲಾ ವರ್ಗಕ್ಕೆ ಸೇರಿದ್ದು. ಈ ವರ್ಗದ ಗಾಢ ಕಂಪನ್ನು ಇಂಗ್ಲಿಷಿನವರು ‘ನರಿಯ ವಾಸನೆ’ ಎಂದು ಹಳಿಯುತ್ತಾರೆ. ಫ್ರಾನ್ಸ್ 1934ರ ಕಾನೂನಿನಿಂದ ಇಸಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಆದರೆ ಹಳೆಯ ಮೈಸೂರು ಸೀಮೆಯ ಮಕ್ಕಳಿಗೆ ದ್ರಾಕ್ಷಿಯ ಕಂಪೆಂದರೆ ಅದೊಂದೇ. ಯುರೋಪಿನ ತಳಿಗಳೇ ಅವರಿಗೆ ಕಂಪಿಲ್ಲದವು. ಆ ದ್ರಾಕ್ಷಿಯಿಂದ ಮಾಡಿದ ಅಗ್ಗದ ಸಿಹಿ ವೈನಿಗೆ ಕನ್ನಡದಲ್ಲಿ ಒಂದು ವರ್ಣನೆ ಬೇಕಾಗಿದೆ. ನಾವು ಹೀಗೆ ಆರಂಭಿಸುತ್ತೇವೆ: ಬಣ್ಣ, ನೇರಳೆ ತಿಂದ ನಾಲಗೆಯದು. ಕಂಪು, ಸಂಜೆಯವರೆಗೆ ಬುಟ್ಟಿಯಲ್ಲಿ ಮುಚ್ಚಿಟ್ಟ ಕಪ್ಪು ದ್ರಾಕ್ಷಿಯದು. ಸಿಹಿ ಮೊದಲೇ ಬಾಯಿ ತುಂಬುತ್ತದೆ, ಅದರಡಿಯಲ್ಲಿ ಸಿಪ್ಪೆಯ ಹತ್ತಿರದ ಹುಳಿ, ಒಗರು ಕಡಿಮೆ. ದೆಹಲಿಯ ಓದುಗರೊಬ್ಬರ ಮುಂದೆ ಹೆಸರು ಬರೆಯದ ಮೂರು ಲೋಟಗಳನ್ನಿಟ್ಟು ಈ ಮೂರು ವಾಕ್ಯಗಳನ್ನು ಓದಿ ಹೇಳಿದರೆ ಅವರು ಯಾವುದನ್ನು ಎತ್ತಿಕೊಳ್ಳುತ್ತಾರೆ ಎಂಬುದನ್ನು ನೋಡಬೇಕು.