ಬಿಸಿಲಿಗೊಂದು ಅಳತೆಗೋಲು

ಮುಂಬೈನ ಘಾಟ್ಕೋಪರ್‌ನ ತಾರಸಿಯಲ್ಲಿ ಸೌರ ಫಲಕದ ಪಕ್ಕ ಬಿಸಿಲು ಅಳೆಯುವ ಪೈರನೋಮೀಟರ್ ಇಟ್ಟರೆ ಕಾಣುವುದಿಷ್ಟು: ಒಂದರೊಳಗೊಂದು ಎರಡು ಗಾಜಿನ ಗುಮ್ಮಟ, ಒಳಗೆ ಕಪ್ಪು ಬಳಿದ ಬಿಲ್ಲೆ, ಪಕ್ಕದಲ್ಲಿ ಪುಟ್ಟ ರಸಮಟ್ಟ. ಬಿಸಿಲಿಗೆ ಬಿಲ್ಲೆ ಕಾಯುತ್ತದೆ. ಆ ಕಾವು ಅತಿ ಸಣ್ಣ ವೋಲ್ಟೇಜಾಗಿ ಹೊರಬರುತ್ತದೆ. ಗುಮ್ಮಟದ ಮೇಲೆ ಧೂಳು ಕೂತರೆ ಲೆಕ್ಕ ಕೆಟ್ಟಿತು, ಒರೆಸಲೇಬೇಕು.

ಆ ವೋಲ್ಟೇಜು ಚದರ ಮೀಟರಿಗೆ ಎಷ್ಟು ವಾಟ್ ಬಿಸಿಲಿಗೆ ಸಮ? ಅದನ್ನು ಹೇಳಲು ಒಂದು ಉಪಕರಣವನ್ನು ಇನ್ನೊಂದಕ್ಕೆ ಹೋಲಿಸುವ ಸರಪಳಿ ಪುಣೆಯ ಹವಾಮಾನ ಇಲಾಖೆಯ ವಿಕಿರಣ ಪ್ರಯೋಗಾಲಯವನ್ನು ಹಾದು ಸ್ವಿಟ್ಜರ್ಲೆಂಡಿನ ದಾವೋಸ್ ಮುಟ್ಟುತ್ತದೆ. ಅಲ್ಲಿನ ಮೂಲ ಉಪಕರಣಗಳ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಕಪ್ಪು ಕುಳಿಯೊಂದನ್ನು ಬಿಸಿಲಿಗೊಡ್ಡುತ್ತಾರೆ. ಆಮೇಲೆ ಬಿಸಿಲು ಮುಚ್ಚಿ ಅಷ್ಟೇ ಕಾವನ್ನು ವಿದ್ಯುತ್ತಿನಿಂದ ಕೊಡುತ್ತಾರೆ. ಖರ್ಚಾದ ವಿದ್ಯುತ್ತಿನಿಂದ ಬಿಸಿಲಿನ ಲೆಕ್ಕ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ದೇಶದೇಶಗಳ ಉಪಕರಣಗಳು ಅಲ್ಲಿ ಸಾಲಾಗಿ ಸೂರ್ಯನಿಗೆ ಮುಖಮಾಡುತ್ತವೆ.

ಅಳತೆಯ ಈ ಶಿಸ್ತನ್ನು ನಮ್ಮಲ್ಲಿ ಬೇರೂರಿಸಿದವರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳನ್ನು ಅಭ್ಯಸಿಸಿದ್ದ ಅವರು, 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ವಿಕಿರಣ ಕೇಂದ್ರಗಳ ಜಾಲ ಕಟ್ಟಿದರು. 1980ರಲ್ಲಿ ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ ತಂದರು.

ಫಲಕ ಹಾಕಿಸುವ ವಸತಿ ಸೊಸೈಟಿಗಳು ಅಳೆಯುವ ಉಪಕರಣದ ಕ್ಯಾಲಿಬ್ರೇಷನ್ ಪತ್ರವನ್ನೂ ಕೇಳಿ ನೋಡಲಿ.