ಮಿದುಳಿನ ತ್ರಿಪರಿಮಾಣ ಚಿತ್ರ: ಒಂದು ಆಕರವಿಮರ್ಶೆ

ಮಿದುಳಿನ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ತಲೆಯನ್ನು ಗಣಕಯಂತ್ರದ ತೆರೆಯ ಮೇಲೆ ಉದ್ದ, ಅಗಲ, ಆಳಗಳೊಡನೆ ಮೂಡಿಸಿ, ಎಲ್ಲ ದಿಕ್ಕುಗಳಿಂದಲೂ ತಿರುಗಿಸಿ ನೋಡುವ ಪದ್ಧತಿ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿದೆ. ತಲೆಬುರುಡೆಯನ್ನು ತೆರೆಯದೆಯೇ ಮಿದುಳನ್ನು ಕಣ್ಣಾರೆ ಕಾಣಬಹುದೆಂದು ಈ ಪದ್ಧತಿಯನ್ನು ಹೊಗಳುವುದುಂಟು. ಈ ಹೊಗಳಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆಯೆಂಬುದು ನಮ್ಮ ಅಭಿಪ್ರಾಯ. ತೆರೆಯ ಮೇಲೆ ಕಾಣುವುದು ಮಿದುಳಲ್ಲ. ಮಿದುಳನ್ನು ಕುರಿತ ಒಂದು ಪಾಠ. ಶಾಸನದ ಪಾಠವನ್ನು ಪಂಡಿತನು ಸಿದ್ಧಪಡಿಸುವಂತೆ ಇದನ್ನೂ ಒಬ್ಬರು ಸಿದ್ಧಪಡಿಸಿರುತ್ತಾರೆ. ಆದುದರಿಂದ ಚರಿತ್ರೆಯ ಅಭ್ಯಾಸಿಗಳು ತಮ್ಮ ಆಕರಗಳಿಗೆ ಹಾಕುವ ಪ್ರಶ್ನೆಗಳನ್ನು ಈ ಚಿತ್ರಕ್ಕೂ ಹಾಕುವುದು ಅಪ್ರಸ್ತುತವಾಗಲಾರದು.

ನಮ್ಮ ಜಿಲ್ಲೆಯದೇ ಆದ ಒಂದು ನಿದರ್ಶನವನ್ನು ಮೊದಲು ನೋಡೋಣ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕವೆಂದು ಪ್ರಸಿದ್ಧವಾಗಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಗೂ ಅದೇ ಕಲ್ಲು ಆಧಾರ. ಅದನ್ನು ಪ್ರಕಟಿಸಿದ ಫ್ಲೀಟರು ಮೊದಲು ಒಂದು ಪದವನ್ನು ‘ಕಳ್ಳ’ ಎಂದು ತಿಳಿದು, ಬೂತುಗನು ವಂಚನೆಯಿಂದ ಕೊಂದನೆಂದು ಅರ್ಥಮಾಡಿದರು. ಅನಂತರ ಅದು ರಣರಂಗವೆಂಬ ಅರ್ಥದ ‘ಕಳ’ ಎಂದು ತಿದ್ದಿದರು. ಒಂದು ಒತ್ತಕ್ಷರದ ಅಂತರದಲ್ಲಿ ವಂಚಕನು ವೀರನಾದನು. ತಿದ್ದುಪಡಿ ಸಾಧ್ಯವಾದದ್ದು ಹೇಗೆ? ಅಕ್ಷರಗಳನ್ನು ಮತ್ತೆ ಪರಿಶೀಲಿಸಲು ಅವಕಾಶವಿದ್ದುದರಿಂದ. ಪಾಠವೊಂದೇ ಉಳಿದು ಕಲ್ಲು ಕಳೆದುಹೋಗಿದ್ದರೆ ಬೂತುಗನ ಮೇಲಿನ ಅಪವಾದ ಅಳಿಯುತ್ತಿರಲಿಲ್ಲ. ಮಿದುಳಿನ ಚಿತ್ರದ ವಿಷಯದಲ್ಲಿಯೂ ನಮ್ಮ ವಾದದ ತಿರುಳು ಇದೇ ಆಗಿದೆ.

ಮಿದುಳನ್ನು ಹೊರಗಿನಿಂದಲೇ ಅರಿಯುವ ಪ್ರಯತ್ನಕ್ಕೆ ಈಗ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಕ್ಕೆ ತಲೆಬುರುಡೆ ಕಾಣುತ್ತಿತ್ತೇ ಹೊರತು ಅದರೊಳಗಿನ ಮೃದುವಸ್ತು ಕಾಣುತ್ತಿರಲಿಲ್ಲ. 1918ರಲ್ಲಿ ಅಮೆರಿಕದ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿಯನ್ನು ತುಂಬಿಯೂ, 1927ರಲ್ಲಿ ಪೋರ್ಚುಗಲ್ಲಿನ ಮೋನಿಜ್ ರಕ್ತನಾಳಗಳಿಗೆ ಕಿರಣವನ್ನು ತಡೆಯುವ ದ್ರವವನ್ನು ಸೇರಿಸಿಯೂ ಚಿತ್ರ ತೆಗೆದರು. ಇವುಗಳಲ್ಲಿ ಗಡ್ಡೆ ನೇರವಾಗಿ ಕಾಣುತ್ತಿರಲಿಲ್ಲ. ಕುಹರವು ಒತ್ತಿಹೋದ ಬಗೆಯಿಂದ, ನಾಳವು ಪಕ್ಕಕ್ಕೆ ಸರಿದ ಬಗೆಯಿಂದ ಅದನ್ನು ಊಹಿಸಬೇಕಾಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾಗಿ, 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ತಳೆದ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮರು ಕಂಪವಾತಕ್ಕೆ, ಎಂದರೆ ಪಾರ್ಕಿನ್ಸನ್ ರೋಗಕ್ಕೆ, ಸ್ಥಾನನಿರ್ದೇಶಿತ ಶಸ್ತ್ರಚಿಕಿತ್ಸೆಯನ್ನು ಬಳಕೆಗೆ ತಂದರು. ಸಿ.ಟಿ. ಯಂತ್ರವಿಲ್ಲದ ಆ ಕಾಲದ ಶಸ್ತ್ರವೈದ್ಯರಿಗೆ ಮೂರನೆಯ ಆಯಾಮವು ಚಿತ್ರದಲ್ಲಿರಲಿಲ್ಲ. ಅವರ ಬುದ್ಧಿಯಲ್ಲಿ ಇತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಲಾಯಿತು. ಅದು ಕೊಟ್ಟದ್ದು ಒಂದು ಛೇದಚಿತ್ರ. ಉದ್ದಕ್ಕೆ 80, ಅಗಲಕ್ಕೆ 80, ಒಟ್ಟು 6,400 ಚೌಕಗಳು. ಪ್ರತಿಯೊಂದು ಚೌಕಕ್ಕೂ ಒಂದು ಅಂಕಿ. ಅನಂತರ ಬಂದ ಎಂ.ಆರ್.ಐ. ಯಂತ್ರವೂ ಬೇರೆ ತತ್ತ್ವದಿಂದ ಇಂತಹ ಅಂಕಿಗಳನ್ನೇ ಕೊಡುತ್ತದೆ. ಛೇದಗಳನ್ನು ಒಂದರ ಮೇಲೊಂದು ಜೋಡಿಸಿದರೆ ಅಂಕಿಗಳ ಒಂದು ಘನರಾಶಿ ದೊರೆಯುತ್ತದೆ. ಆದರೆ ಅದಿನ್ನೂ ಆಕಾರವಲ್ಲ.

ಅಂಕಿಗಳಿಂದ ಆಕಾರವನ್ನು ಪಡೆಯುವ ಕ್ರಮವನ್ನು ಸರ್ವೆ ನಕ್ಷೆಯ ಸಹಾಯದಿಂದ ವಿವರಿಸಬಹುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವ ಕಣಿವೆಯನ್ನು ನಕ್ಷೆಯು ಸಮೋನ್ನತಿ ರೇಖೆಗಳಿಂದ ತೋರಿಸುತ್ತದೆ. ಒಂದೇ ಎತ್ತರದ ಬಿಂದುಗಳನ್ನು ಕೂಡಿಸಿದರೆ ರೇಖೆ. ಹಾಗೆಯೇ ಘನರಾಶಿಯಲ್ಲಿ ಒಂದೇ ಬೆಲೆಯ ಬಿಂದುಗಳನ್ನು ಕೂಡಿಸಿದರೆ ಒಂದು ಮೇಲ್ಮೈ. ಲಾರೆನ್ಸನ್ ಮತ್ತು ಕ್ಲೈನ್ ಎಂಬುವರು 1987ರಲ್ಲಿ ಪ್ರಕಟಿಸಿದ ವಿಧಾನದ ಸಾರವೇ ಇದು; ಸಣ್ಣ ಸಣ್ಣ ಘನಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮೇಲ್ಮೈಯನ್ನು ತ್ರಿಕೋನಗಳಿಂದ ಹೆಣೆಯುವುದು. 1988ರಲ್ಲಿ ಲೆವಾಯ್ ತೋರಿಸಿದ ಇನ್ನೊಂದು ಮಾರ್ಗದಲ್ಲಿ ಪ್ರತಿಯೊಂದು ಬೆಲೆಗೂ ಬಣ್ಣವನ್ನೂ ಪಾರದರ್ಶಕತೆಯನ್ನೂ ಕೊಟ್ಟು ಇಡೀ ರಾಶಿಯ ಮೂಲಕ ನೋಡಲಾಗುತ್ತದೆ. ಎರಡರಲ್ಲಿಯೂ ಯಾವ ಬೆಲೆಯನ್ನು ಎಲ್ಲೆಯೆಂದು ಹಿಡಿಯಬೇಕು, ಯಾವುದಕ್ಕೆ ಯಾವ ಬಣ್ಣ ಎಂಬುದನ್ನು ಮನುಷ್ಯನೋ, ಮನುಷ್ಯನು ಬರೆದ ಕ್ರಮವಿಧಿಯೋ ನಿರ್ಧರಿಸಬೇಕು. ಇದು ಸಂಪಾದಕನ ಕೆಲಸ.

ಈ ಸಂಪಾದನೆಯ ಬಗೆಗೆ ನಮ್ಮ ಆಕ್ಷೇಪಗಳು ಮೂರು. ಮೊದಲನೆಯದು ಎಲ್ಲೆಯನ್ನು ಕುರಿತದ್ದು. ಚಿತ್ರದಲ್ಲಿ ಗಡ್ಡೆಯು ಕೆಂಪು ಬಣ್ಣದ, ನುಣುಪಾದ ಅಂಚುಳ್ಳ ಉಂಡೆಯಾಗಿ ಕಾಣುತ್ತದೆ. ಮಿದುಳಿನ ಹೊರಪೊರೆಯಿಂದ ಹುಟ್ಟುವ ಕೆಲವು ಗಡ್ಡೆಗಳಿಗೆ ಅಂತಹ ಅಂಚು ನಿಜವಾಗಿಯೂ ಇರುತ್ತದೆ. ಆದರೆ ಗ್ಲಿಯೋಮ ಎಂಬ ವರ್ಗದ ಅನೇಕ ಗಡ್ಡೆಗಳ ಜೀವಕೋಶಗಳು ಕಾಣುವ ಅಂಚನ್ನು ದಾಟಿ ಸುತ್ತಲಿನ ಮಿದುಳಿನಲ್ಲಿ ಹರಡಿರುತ್ತವೆ. ಮಂಡ್ಯದ ನಾಲಾ ಬಯಲಿನ ರೈತನನ್ನು ಕೇಳಿದರೆ, ಕಾಲುವೆಯ ತೇವ ಗದ್ದೆಯಲ್ಲಿ ಇಂತಹ ಕಡೆಗೇ ನಿಂತಿತೆಂದು ಗೆರೆ ಎಳೆಯಲಾಗದೆಂದು ಹೇಳಿಯಾನು. ಚಿತ್ರವಾದರೋ ಗೆರೆ ಎಳೆದೇ ತೀರುತ್ತದೆ. ಗೆರೆಯಿಲ್ಲದೆ ಮೇಲ್ಮೈಯೇ ಇಲ್ಲ.

ಎರಡನೆಯದು ನರತಂತುಗಳ ಚಿತ್ರಗಳಿಗೆ ಸಂಬಂಧಿಸಿದೆ. 1994ರಿಂದ ಬೆಳೆದುಬಂದ ಒಂದು ಎಂ.ಆರ್.ಐ. ವಿಧಾನವು ಮಿದುಳಿನಲ್ಲಿ ನೀರಿನ ಕಣಗಳು ಚಲಿಸುವ ದಿಕ್ಕನ್ನು ಅಳೆಯುತ್ತದೆ. ಆ ದಿಕ್ಕುಗಳನ್ನು ಕೂಡಿಸಿ ತಂತುಗಳ ಕಟ್ಟುಗಳನ್ನು ಚಿತ್ರಿಸುತ್ತಾರೆ. ಮಾತನ್ನೂ ಕೈಕಾಲುಗಳ ಚಲನೆಯನ್ನೂ ಉಳಿಸಿಕೊಳ್ಳಲು ಯತ್ನಿಸುವ ಶಸ್ತ್ರವೈದ್ಯನಿಗೆ ಈ ಚಿತ್ರ ಬಹು ಉಪಯುಕ್ತ. ಆದರೆ 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ನಿಜವಾದ ಉತ್ತರ ಮೊದಲೇ ಗೊತ್ತಿದ್ದ ಕೃತಕ ದತ್ತವೊಂದನ್ನು 20 ಸಂಶೋಧಕ ತಂಡಗಳಿಗೆ ಕೊಡಲಾಗಿತ್ತು. ಬಹುಪಾಲು ತಂಡಗಳು ನಿಜವಾದ ಕಟ್ಟುಗಳಲ್ಲಿ ಹೆಚ್ಚಿನವನ್ನು ಕಂಡುಹಿಡಿದವು. ಆದರೆ ಅವುಗಳ ಜೊತೆಗೆ ಇಲ್ಲದ ಕಟ್ಟುಗಳನ್ನೂ ದೊಡ್ಡ ಸಂಖ್ಯೆಯಲ್ಲಿ ಕಂಡವು. ಚಿತ್ರದಲ್ಲಿ ಇದ್ದದ್ದೂ ಇಲ್ಲದ್ದೂ ಒಂದೇ ಬಣ್ಣದಲ್ಲಿ, ಒಂದೇ ಸ್ಪಷ್ಟತೆಯಿಂದ ಹೊಳೆಯುತ್ತವೆ. ಶಾಸನದ ಪಾಠದಲ್ಲಿ ಸಂದೇಹಾಸ್ಪದವಾದ ಅಕ್ಷರವನ್ನು ಕಂಸದೊಳಗಿಡುವ ಶಿಸ್ತು ನಮ್ಮಲ್ಲಿದೆ. ಈ ಬಣ್ಣದ ಚಿತ್ರದಲ್ಲಿ ಕಂಸವೆಲ್ಲಿ?

ಮೂರನೆಯದು ಕಾಲವನ್ನು ಕುರಿತದ್ದು. ಚಿತ್ರವು ಶಸ್ತ್ರಕ್ರಿಯೆಗೆ ಮುಂಚಿನದು. ತಲೆಬುರುಡೆಯನ್ನೂ ಹೊರಪೊರೆಯನ್ನೂ ತೆರೆದೊಡನೆ ಒಳಗಿನ ದ್ರವ ಹರಿದುಹೋಗಿ, ಮಿದುಳು ತನ್ನ ಭಾರದಿಂದಲೇ ಕುಸಿಯುತ್ತದೆ. ಅದರ ಮೇಲ್ಭಾಗವು ಒಂದು ಸೆಂಟಿಮೀಟರಿನಷ್ಟು ಸರಿಯುವುದೂ ಉಂಟು. ಮಿಲಿಮೀಟರುಗಳ ಲೆಕ್ಕದ ಕೆಲಸದಲ್ಲಿ ಇದು ಅಲ್ಪವಲ್ಲ. ಕೆಲವು ಆಸ್ಪತ್ರೆಗಳು ಶಸ್ತ್ರಕ್ರಿಯೆಯ ನಡುವೆಯೇ ಶ್ರವಣಾತೀತ ಧ್ವನಿಯಿಂದಲೋ ಎಂ.ಆರ್.ಐ.ಯಿಂದಲೋ ಮರಳಿ ಚಿತ್ರ ತೆಗೆಯುತ್ತವೆ. ಹಾಗೆ ಮಾಡದೆಡೆಯಲ್ಲಿ ಚಿತ್ರವು ಹಳೆಯ ದಾಖಲೆಯೇ ಸರಿ.

ಇಷ್ಟರಿಂದ ನಾವು ಈ ಪದ್ಧತಿಯನ್ನು ನಿರಾಕರಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ರಕ್ತನಾಳದ ಉಬ್ಬಿನ ಕತ್ತು ಯಾವ ಕಡೆಗೆ ತಿರುಗಿದೆಯೆಂಬುದನ್ನು ಚಪ್ಪಟೆ ಚಿತ್ರದಲ್ಲಿ ಅರಿಯುವುದು ಎಷ್ಟು ಕಷ್ಟವೋ, ತಿರುಗಿಸಿ ನೋಡಬಹುದಾದ ಚಿತ್ರದಲ್ಲಿ ಅಷ್ಟು ಸುಲಭ. ಎಳೆಯ ವೈದ್ಯರ ಶಿಕ್ಷಣದಲ್ಲಿಯೂ ಇದರ ಬೆಲೆ ದೊಡ್ಡದು. ಅನುಭವಿಯಾದ ಶಸ್ತ್ರವೈದ್ಯನು ಮೂಲ ಛೇದಚಿತ್ರಗಳನ್ನು ಬಿಟ್ಟು ಬಣ್ಣದ ಚಿತ್ರವೊಂದನ್ನೇ ನಂಬುವವನಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳಬಹುದು. ಅದು ನಿಜವೂ ಹೌದು. ಆದರೆ ಈ ಚಿತ್ರವನ್ನು ನೋಡುವವನು ಶಸ್ತ್ರವೈದ್ಯನೊಬ್ಬನೇ ಅಲ್ಲ.

ಮಂಡ್ಯದಲ್ಲಿ 2006ರಿಂದ ಸರ್ಕಾರದ ವೈದ್ಯಕೀಯ ಕಾಲೇಜು ಇದೆ. ಆದರೂ ಮಿದುಳಿನ ಜಟಿಲವಾದ ರೋಗಗಳಿಗೆ ಮಳವಳ್ಳಿಯ, ಮದ್ದೂರಿನ ಕುಟುಂಬಗಳು ಚಿತ್ರಗಳ ಲಕೋಟೆಯನ್ನು ಹಿಡಿದು ಬೆಂಗಳೂರಿಗೋ ಮೈಸೂರಿಗೋ ಹೋಗುವುದು ಇಂದಿಗೂ ಉಂಟು. ಶಸ್ತ್ರಕ್ರಿಯೆಗೆ ಒಪ್ಪಿ ರುಜು ಹಾಕಬೇಕಾದವರು ಈ ಜನ. ಛೇದಚಿತ್ರವನ್ನು ಓದಲು ಅವರು ಬಲ್ಲವರಲ್ಲ. ಬಣ್ಣದ ಚಿತ್ರವನ್ನು ಯಾರು ಬೇಕಾದರೂ ಓದಿದಂತೆ ಭಾವಿಸಬಹುದು. ಕೆಂಪು ಉಂಡೆಯನ್ನು ಕಂಡ ತಂದೆ, ಹಲಸಿನ ತೊಳೆಯಿಂದ ಬೀಜವನ್ನು ತೆಗೆದಂತೆ ಮಗನ ತಲೆಯಿಂದ ಗಡ್ಡೆಯನ್ನು ತೆಗೆದುಬಿಡುತ್ತಾರೆಂದು ನಂಬಿದರೆ ಅವನ ತಪ್ಪೇನು? ಹೀಗೆ ದೊರೆತ ಒಪ್ಪಿಗೆಯು ಚಿತ್ರದ ನುಣುಪಿಗೆ ದೊರೆತ ಒಪ್ಪಿಗೆಯೇ ಹೊರತು ಶಸ್ತ್ರಕ್ರಿಯೆಗೆ ದೊರೆತದ್ದಲ್ಲ.

ಆದುದರಿಂದ ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಂತೆ, ತ್ರಿಪರಿಮಾಣ ಚಿತ್ರವೂ ತನ್ನ ಸಂಪಾದನೆಯ ವಿವರಗಳನ್ನು ಹೊತ್ತಿರಬೇಕು. ಯಾವ ದಿನದ ದತ್ತ, ಛೇದಗಳ ದಪ್ಪವೆಷ್ಟು, ಎಲ್ಲೆಯನ್ನು ಎಲ್ಲಿ ಹಿಡಿಯಲಾಗಿದೆ, ಎಲ್ಲಿ ಸಂದೇಹವಿದೆ ಎಂಬಿಷ್ಟಾದರೂ ತಿಳಿಯಬೇಕು. ಎಲ್ಲೆಯನ್ನು ತುಸು ಹಿಂದೆ ಮುಂದೆ ಸರಿಸಿದರೆ ಗಡ್ಡೆಯ ಆಕಾರ ಹೇಗೆ ಬದಲಾಗುವುದೆಂದು ರೋಗಿಯ ಕಡೆಯವರಿಗೆ ಒಮ್ಮೆ ತೋರಿಸಿದರೆ, ದೀರ್ಘವಾದ ವಿವರಣೆಗಿಂತ ಅದೇ ಮೇಲು. ತ್ರಿ ಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಲು ಸಾಧ್ಯವಿರುವುದರಿಂದ, ಕಾಲೇಜಿನ ವಿದ್ಯಾರ್ಥಿಗಳೂ ಅದನ್ನು ಪ್ರಯೋಗಿಸಿ ನೋಡಬಹುದು.

ನಿಮ್ಹಾನ್ಸಿನ ಮಿದುಳಿನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮಿದುಳುಗಳನ್ನು ಸಾರ್ವಜನಿಕರು ನೋಡಬಹುದು. ಅವು ಕೆಂಪು ಹಸಿರು ಬಣ್ಣಗಳಿಂದ ವಿಂಗಡಿಸಿದಂತಿಲ್ಲ. ಮಾಸಲು ಬಣ್ಣದವು, ಗೆರೆಗಳಿಲ್ಲದವು. ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿಬರಲೆಂದು ಅಧ್ಯಾಪಕರಲ್ಲಿ ನಮ್ಮ ಸೂಚನೆ. ಪಾಠಕ್ಕೂ ಮೂಲಕ್ಕೂ ಇರುವ ಅಂತರವನ್ನು ಅರಿತವರು ಚರಿತ್ರೆಯ ವಿಭಾಗದಿಂದ ಹೊರಬಿದ್ದ ಮೇಲೆ, ಆಸ್ಪತ್ರೆಯ ತೆರೆಯ ಮುಂದೆ ಕುಳಿತಾಗಲೂ ಕೇಳಬೇಕಾದ ಪ್ರಶ್ನೆಯನ್ನು ಕೇಳಬಲ್ಲರು.